ಬಾಯಲ್ಲಿ ಕಬಡ್ಡಿ ಬಿಟ್ಟು ಬೇರೇನೂ ಇರಬಾರದು

"ಮೂರು ಬೆರಳು ಜೋಡಿಸಿ ಬಾಯೊಳಗೆ ಇಟ್ಟುಕೊಳ್ಳಿ ನೋಡೋಣ" ಅಂದರು ಡಾಕ್ಟರು. ತೋರುಬೆರಳು, ನಡುಬೆರಳು, ಉಂಗುರಬೆರಳು, ಒಂದರ ಮೇಲೊಂದು ಬರೋ ಹಾಗೆ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ. ಬಾಯಿ ಚೆನ್ನಾಗಿರುವವರಿಗೆ ಮೂರೂ ಸಲೀಸಾಗಿ ಹೋಗುತ್ತವೆ. ಬೇಕಾದರೆ ನೀವೂ ಈಗಲೇ ಇಟ್ಟು ನೋಡಿ. ನನಗೆ ಒಂದು ಬೆರಳು ಹೋಯಿತು. ಎರಡನೆಯದು ಉಗುರಿನ ತನಕ ಹೋಗಿ ಹಲ್ಲಿಗೆ ಸಿಕ್ಕಿಕೊಂಡಿತು. ಡಾಕ್ಟರು ಸ್ಕೇಲ್ ಇಟ್ಟು ಅಳೆದು ಪಕ್ಕದಲ್ಲಿದ್ದ ವಿದ್ಯಾರ್ಥಿನಿಗೆ "22 ಎಂ.ಎಂ., ಬರ್ಕೊಳಮ್ಮ" ಅಂದರು.

ಅದು 2022ರ ಸೆಪ್ಟೆಂಬರ್. ದಾವಣಗೆರೆಯ ಒಂದು ಡೆಂಟಲ್ ಕಾಲೇಜು. ಆಗ ನನಗೆ 34 ವರ್ಷ. 17ನೇ ವಯಸ್ಸಿಂದ ಗುಟ್ಕಾ ಹಾಕುತ್ತಿದ್ದೆ.

ನಮ್ಮದು ಚಿತ್ರದುರ್ಗದ ಕಡೆ, ಭೀಮಸಮುದ್ರದ ಹತ್ತಿರದ ಒಂದು ಹಳ್ಳಿ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸ ನನ್ನದು. ರಾಶಿ ಯಾವುದು, ಬೆಟ್ಟೆ ಯಾವುದು ಅಂತ ಕಣ್ಣು ಮುಚ್ಚಿಕೊಂಡು ಕೈಯಲ್ಲಿ ಮುಟ್ಟಿ ಹೇಳುತ್ತೇನೆ. ಚೀಲ ಬಿಚ್ಚಿದಾಗ ಬರೋ ವಾಸನೆಯಿಂದಲೇ ಅಡಿಕೆ ಎಷ್ಟು ಒಣಗಿದೆ ಅಂತ ಗೊತ್ತಾಗುತ್ತದೆ. ಗುಟ್ಕಾ ಕಲಿತದ್ದೂ ಅಲ್ಲೇ, ರಜದಲ್ಲಿ ಲಾರಿಗೆ ಲೋಡ್ ಮಾಡೋಕೆ ಹೋದಾಗ, ಜೊತೆಯವರು ಕೊಟ್ಟರು ಅಂತ. ನಿದ್ದೆ ಬರಲ್ಲ, ಹಸಿವು ಗೊತ್ತಾಗಲ್ಲ ಅಂದಿದ್ದರು. ಅದು ನಿಜವೇ ಆಗಿತ್ತು. ಅದಕ್ಕೇ ಬಿಡೋಕೆ ಆಗಲಿಲ್ಲ.

2013ರ ಮೇ ಕೊನೆಯಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯಿತು. ಮನೆಯಲ್ಲಿ ನನ್ನ ಹೆಂಡತಿ ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೆ ಸ್ವಲ್ಪ ದಿನದಲ್ಲೇ ಅಂಗಡಿಯಲ್ಲಿ ಎರಡೆರಡು ಪ್ಯಾಕೆಟ್ ಬಂದವು, ಪಾನ್ ಮಸಾಲಾ ಬೇರೆ, ತಂಬಾಕು ಬೇರೆ. ಎರಡನ್ನೂ ಹಲ್ಲಲ್ಲಿ ಹರಿದು, ಚಿಕ್ಕದನ್ನು ದೊಡ್ಡದರೊಳಗೆ ಸುರಿದು, ಹೆಬ್ಬೆರಳಿಂದ ಬಾಯಿ ಒತ್ತಿ ನಾಲ್ಕು ಸಲ ಕುಲುಕಿ ಬಾಯಿಗೆ ಹಾಕಿಕೊಳ್ಳೋದು. ಕೈಗೆ ಈ ಅಭ್ಯಾಸ ಎಷ್ಟು ಹತ್ತಿತ್ತೆಂದರೆ ಪ್ಯಾಕೆಟ್ ಇಲ್ಲದಿದ್ದರೂ ಬೆರಳು ಕುಲುಕುತ್ತಿದ್ದವು. ದಿನಕ್ಕೆ 18, 20 ಜೋಡಿ. ಮಂಡಿ ಕೆಲಸ ಜೋರಿರೋ ದಿನ ಇನ್ನೂ ಜಾಸ್ತಿ.

ಡಾಕ್ಟರ ಹತ್ತಿರ ಹೋಗೋಕೆ ಕಾರಣ ಮಿರ್ಚಿ. ದಾವಣಗೆರೆಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಹೋದಾಗಲೆಲ್ಲ ಸಂಜೆ ಮಂಡಕ್ಕಿ, ಮಿರ್ಚಿ ಇದ್ದೇ ಇರುತ್ತದೆ. ಅವತ್ತು ಬಿಸಿ ಮಿರ್ಚಿ ಎತ್ತಿಕೊಂಡೆ, ಬಾಯಿಗೆ ಹಿಡಿಸಲಿಲ್ಲ. ಕೈಯಲ್ಲಿ ಒತ್ತಿ ಚಪ್ಪಟೆ ಮಾಡಿ ತುರುಕಿದೆ. ಖಾರ ಕೆನ್ನೆಗೆ ತಾಗಿದ್ದೇ ತಡ, ಬೆಂಕಿ ಇಟ್ಟ ಹಾಗಾಯಿತು, ಕಣ್ಣಲ್ಲಿ ನೀರು. ಎದುರಿಗೆ ನನ್ನ ಮಗಳು ಕೂತಿದ್ದಳು, ಆಗ ಅವಳಿಗೆ ಆರು ವರ್ಷ. ಅದೇ ಮಿರ್ಚಿಯನ್ನು ಆರಾಮವಾಗಿ ತಿನ್ನುತ್ತಿದ್ದಳು. "ಅಪ್ಪಾ, ನಿಂಗೆ ಬಾಯಿ ಸಣ್ಣದಾ?" ಅಂತ ಕೇಳಿದಳು. ಚಿಕ್ಕಮ್ಮ ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದರು. ಮಾರನೇ ದಿನ ಬೆಳಿಗ್ಗೆ ಅವರೇ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ಅಂಶ ಕೆನ್ನೆಯ ಒಳಗಡೆ ನಾರು ಬೆಳೆಸುತ್ತಾ ಹೋಗುತ್ತದಂತೆ. ಮೆತ್ತಗಿರಬೇಕಾದ ಚರ್ಮ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಡಾಕ್ಟರು ನನ್ನ ಬೆರಳನ್ನೇ ಕೆನ್ನೆಯೊಳಗೆ ಇಡಿಸಿ ಮುಟ್ಟಿಸಿದರು. ಹಗ್ಗ ಎಳೆದು ಕಟ್ಟಿದ ಹಾಗೆ ಪಟ್ಟಿಗಳು ಸಿಕ್ಕವು, ಎರಡೂ ಕಡೆ. ನಾನು ಅಲ್ಲಿಯವರೆಗೆ ಕೆಟ್ಟದ್ದೆಲ್ಲ ತಂಬಾಕಿಂದ, ಅಡಿಕೆ ಪಾಪದ್ದು ಅಂತ ವಾದ ಮಾಡುತ್ತಿದ್ದವನು. ಅವರು ಸಮಾಧಾನವಾಗಿ ಹೇಳಿದರು: "ನಿಮ್ಮ ಬಾಯಿ ಮುಚ್ಚಿದ್ದು ಅಡಿಕೆ. ಬಿಡೋಕೆ ಆಗದ ಹಾಗೆ ಹಿಡ್ಕೊಂಡಿರೋದು ಮುಖ್ಯವಾಗಿ ತಂಬಾಕು. ಎರಡೂ ಸೇರಿದರೆ ಕ್ಯಾನ್ಸರ್‌ಗೆ ದಾರಿ."

ನಮ್ಮ ಕಡೆ ಈ ಮಾತು ಎತ್ತಿದರೆ ಜನಕ್ಕೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ ಪ್ರಕಟಿಸಿದೆ. ಅದರ ಮೇಲೆ ಇವತ್ತಿಗೂ ಜಗಳ ನಡೀತಾನೇ ಇದೆ. ನನ್ನ ಮನೆಯ ಅನ್ನವೂ ಅಡಿಕೆಯದೇ. ಮಳೆ ಕೈಕೊಟ್ಟ ವರ್ಷ ತೋಟಕ್ಕೆ ಟ್ಯಾಂಕರಲ್ಲಿ ನೀರು ಹೊಡೆಸಿ ಮರ ಉಳಿಸಿಕೊಂಡವರ ಕಷ್ಟ ದಿನಾ ನೋಡುವವನು ನಾನು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ನನ್ನ ಕೆನ್ನೆಯೊಳಗೆ ನನ್ನದೇ ಬೆರಳಿಗೆ ಸಿಕ್ಕಿದ್ದನ್ನು ಇಲ್ಲ ಅನ್ನೋಕೆ ನನ್ನಿಂದ ಆಗುವುದಿಲ್ಲ.

ಕೆನ್ನೆಯಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಕಾಯಬೇಕಾಯಿತು. ಆ ಎಂಟು ದಿನ ನಾನು ಮೊದಲಿಗಿಂತ ಜಾಸ್ತಿ ಗುಟ್ಕಾ ಹಾಕಿದೆ. ಹೆದರಿಕೆಗೆ ಬೇರೆ ಔಷಧಿ ನನಗೆ ಗೊತ್ತಿರಲಿಲ್ಲ. ಕ್ಯಾನ್ಸರ್ ಇಲ್ಲ ಅಂತ ಬಂತು. "ಈಗ ನಿಲ್ಲಿಸಿದರೆ ಇಲ್ಲಿಗೇ ನಿಲ್ಲಬಹುದು, ಹಳೇ ಬಾಯಿ ಪೂರ್ತಿ ವಾಪಸ್ ಬರಲ್ಲ" ಅಂದರು. ಆಮೇಲೆ ವಾರ ವಾರ ಕೆನ್ನೆಯೊಳಗೆ ಇಂಜೆಕ್ಷನ್. ದುರ್ಗದಿಂದ ದಾವಣಗೆರೆಗೆ 60 ಕಿಲೋಮೀಟರ್, ಹೈವೇ ಬಸ್ಸಲ್ಲಿ ಹೋಗೋದು, ಬರೋದು. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಪ್ಯಾಕೆಟ್. ಹೌದು, ಇಂಜೆಕ್ಷನ್ ಚುಚ್ಚಿಸಿಕೊಂಡ ಕೆನ್ನೆಗೇ.

ಬಿಡೋಕೆ ಏನೇನು ಮಾಡಲಿಲ್ಲ? ಲವಂಗ, ಜೀರಿಗೆ, ಒಣದ್ರಾಕ್ಷಿ ಜೇಬಲ್ಲಿಟ್ಟುಕೊಂಡೆ. ನಾಯಕನಹಟ್ಟಿಗೆ ಹೋಗಿ ತಿಪ್ಪೇಸ್ವಾಮಿ ಮುಂದೆ ಆಣೆ ಮಾಡಿ ಬಂದೆ, ಒಂಬತ್ತು ದಿನ ಉಳಿಯಿತು. ಮಗಳ ತಲೆ ಮುಟ್ಟಿ ಹೇಳಿದೆ, ಅದೂ ಉಳಿಯಲಿಲ್ಲ. ಅದನ್ನು ಬರೆಯೋಕೆ ಈಗಲೂ ಕೈ ನಡುಗುತ್ತದೆ. ಆಣೆ ಮುರಿದ ಮೇಲೆ ಬರೋ ನಾಚಿಕೆ ಇದೆಯಲ್ಲ, ಆ ನಾಚಿಕೆ ಮರೆಯೋಕೂ ಮತ್ತೊಂದು ಪ್ಯಾಕೆಟ್ ಬೇಕಾಗುತ್ತದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೈಸ್ಕೂಲಲ್ಲಿ ನಾನು ಕಬಡ್ಡಿಯಲ್ಲಿ ರೈಡರ್ ಆಗಿದ್ದೆ, ಎದುರಾಳಿ ಅಂಗಳಕ್ಕೆ ನುಗ್ಗಿ ಮುಟ್ಟಿ ಬರೋನು. ಜಿಲ್ಲಾ ಮಟ್ಟದ ತನಕ ಹೋಗಿ ಆಡಿದ್ದೆ. ಕಬಡ್ಡಿ ಬಿಟ್ಟು ಎಷ್ಟೋ ವರ್ಷ ಆಗಿದ್ದರೂ ಟಿವಿಯಲ್ಲಿ ಪ್ರೊ ಕಬಡ್ಡಿ ಒಂದನ್ನೂ ಬಿಡುತ್ತಿರಲಿಲ್ಲ. 2019ರ ಜನವರಿ 5, ಬೆಂಗಳೂರು ಬುಲ್ಸ್ ಫೈನಲ್, ಗುಜರಾತ್ ಮೇಲೆ. ಮಂಡಿಯ ಟಿವಿ ಮುಂದೆ ಮೂವತ್ತು ಜನ. ಹಿಂದೆ ಬಿದ್ದಿದ್ದ ತಂಡವನ್ನು ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತೆಗೆದು ಎತ್ತಿದರು. 38-33. ಎಲ್ಲರೂ ಗಂಟಲು ಹರಿಯೋ ಹಾಗೆ ಕೂಗುತ್ತಿದ್ದರೆ ನನ್ನ ಬಾಯಿ ತುಂಬ ರಸ. ಕೂಗಬೇಕೆಂದರೆ ಉಗುಳಬೇಕು. ಉಗುಳೋಕೆ ಹೊರಗೆ ಹೋದೆ, ಒಳಗೆ ಬರುವಷ್ಟರಲ್ಲಿ ಆಟ ಮುಗಿದು ಎಲ್ಲರೂ ತಬ್ಬಿಕೊಂಡು ಕುಣಿಯುತ್ತಿದ್ದರು. ಹದಿನೇಳು ವರ್ಷದಲ್ಲಿ ಗುಟ್ಕಾ ನನ್ನಿಂದ ಏನೇನು ಕಿತ್ತುಕೊಂಡಿತು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗೋದು ಆ ಎರಡು ನಿಮಿಷ.

2023ರ ಜನವರಿ. ನಮಗೆ ಹೈಸ್ಕೂಲಲ್ಲಿ ಆಟ ಕಲಿಸಿದ ಪಿ.ಟಿ. ಮೇಷ್ಟ್ರು ರಿಟೈರ್ ಆಗಿ ಊರಲ್ಲೇ ಇದ್ದರು. ಸಂಜೆ ಹೊತ್ತು ಶಾಲೆ ಮೈದಾನದಲ್ಲಿ ಹುಡುಗರಿಗೆ ಕಬಡ್ಡಿ ಆಡಿಸುತ್ತಿದ್ದರು. ಒಂದಿನ ನಾನು ಬೈಕಲ್ಲಿ ಹೋಗುವಾಗ ಕೈ ಅಡ್ಡ ಹಾಕಿದರು. "ಲೇ ತಮ್ಮಾ, ಒಬ್ಬ ಕಡಿಮೆ ಇದಾನೆ, ಬಾ." ನಾನು ಬಾಯಲ್ಲಿದ್ದದ್ದನ್ನು ಉಗುಳಿ ಚಪ್ಪಲಿ ಬಿಟ್ಟು ಹೋದೆ. ಮೈದಾನದ ಮಣ್ಣು ಬೆಳಿಗ್ಗೆ ನೀರು ಚಿಮುಕಿಸಿದ್ದರಿಂದ ಇನ್ನೂ ತಣ್ಣಗಿತ್ತು. ಅಂಗಾಲಿಗೆ ಆ ತಂಪು ತಾಗಿದ್ದೇ ಮೈಯಲ್ಲಿ ಏನೋ ಎದ್ದ ಹಾಗಾಯಿತು.

ರೈಡ್‌ಗೆ ಕಳಿಸಿದರು. ನಡುಗೆರೆ ದಾಟುವ ಮುಂಚೆ ಕಬಡ್ಡಿ ಅನ್ನೋಕೆ ಶುರು ಮಾಡಬೇಕು, ವಾಪಸ್ ಬರೋ ತನಕ ಒಂದೇ ಉಸಿರಲ್ಲಿ, ಎಲ್ಲರಿಗೂ ಕೇಳೋ ಹಾಗೆ, ನಿಲ್ಲಿಸದೆ. ಒಂದು ರೈಡ್‌ಗೆ 30 ಸೆಕೆಂಡ್. ಟಿವಿಯಲ್ಲಿ ಈಗ ಯಾರು ಅಂತಾರೆ ಯಾರು ಬಿಡ್ತಾರೆ ಕೇಳಿಸೋದೂ ಇಲ್ಲ, ಆದರೆ ನಮ್ಮ ಮೇಷ್ಟ್ರು ಈ ವಿಷಯದಲ್ಲಿ ಬಿಡುವವರಲ್ಲ. ನಾನು ಗೆರೆ ದಾಟಿದೆ. "ಕಬಡ್ಡಿ" ಅನ್ನೋಕೆ ಬಾಯಿ ತೆರೆದೆ. "ಕಬ್ಡಿ, ಕಡ್ಡಿ, ಕಡಿ" ಅಂತ ಏನೋ ಬಂತು. ದವಡೆ ಹಿಗ್ಗುತ್ತಿಲ್ಲ, ನಾಲಿಗೆ ಹೊರಳುತ್ತಿಲ್ಲ, ಐದನೆಯದಕ್ಕೆ ಉಸಿರು ಹೋಯಿತು. ಎಡಮೂಲೆಯ ಹುಡುಗ ನನ್ನ ಕಾಲು ಹಿಡಿಯೋಕೂ ಬರಲಿಲ್ಲ, ಸುಮ್ನೆ ನಿಂತು ನೋಡಿದ. ಮೇಷ್ಟ್ರು ಸೀಟಿ ಊದಿ ವಾಪಸ್ ಕರೆದರು. ಏನೂ ಬೈಯಲಿಲ್ಲ. ನನ್ನ ದವಡೆ ಹಿಡಿದು ಬೆಳಕಿನ ಕಡೆ ತಿರುಗಿಸಿ ನೋಡಿದರು. "ನಿನ್ನ ಉಸಿರು ಊರಲ್ಲೇ ದೊಡ್ಡದು ಕಣೋ. ನಲವತ್ತು ಸಲ ಹೇಳ್ತಿದ್ದೆ ನೀನು" ಅಂದರು. ಅವರ ಕಣ್ಣು ತುಂಬಿತ್ತು. "ನಾಳೆ ಐದೂವರೆಗೆ ಬಾ. ಬಾಯಲ್ಲಿ ಕಬಡ್ಡಿ ಬಿಟ್ಟು ಬೇರೇನೂ ಇರಬಾರದು."

ಐದೂವರೆ. ಆ ಹೊತ್ತು ಯಾಕೆ ಮುಖ್ಯ ಆಯಿತು ಹೇಳುತ್ತೇನೆ. ಮಂಡಿ ಲೆಕ್ಕ ಮುಗಿಯೋದು ಐದಕ್ಕೆ. ಆಮೇಲೆ ಅಂಗಡಿ ಮುಂದೆ ನಿಂತು ಮನೆಗೆ ಹೋಗೋ ತನಕ ನಾನು ಐದಾರು ಜೋಡಿ ಹಾಕುತ್ತಿದ್ದೆ. ದಿನದಲ್ಲಿ ಚಟ ಜೋರಾಗಿ ಎಳೆಯೋದೇ ಆಗ. ಅದೇ ಹೊತ್ತಿಗೆ ಈಗ ಹದಿಮೂರು ಹುಡುಗರು ಮೈದಾನದಲ್ಲಿ ನನಗೆ ಕಾಯುತ್ತಿದ್ದರು. ನಾನು ಹೋಗದಿದ್ದರೆ ಟೀಮ್ ಸರಿಹೋಗುತ್ತಿರಲಿಲ್ಲ. ಆಣೆ, ದೇವರು, ಕ್ಯಾನ್ಸರ್ ಭಯ ಇವೆಲ್ಲ ನನ್ನ ತಲೆಯೊಳಗಿನ ಮಾತು. "ಅಣ್ಣಾ, ಎಲ್ಲಿದೀಯಾ, ಬಾ ಬೇಗ" ಅಂತ ಫೋನ್ ಬರೋದು ಬೇರೆಯೇ.

ದಾವಣಗೆರೆ ಡಾಕ್ಟರಿಗೆ ಹೇಳಿದೆ. ಅವರಿಗೂ ಖುಷಿ ಆಯಿತು. ಬಿ.ಪಿ. ನೋಡಿಸಿದರು, ಭುಜಕ್ಕೆ ಅಂಟಿಸೋ ನಿಕೋಟಿನ್ ಪಟ್ಟಿ ಬರೆದುಕೊಟ್ಟರು, ನನ್ನ ದವಡೆಗೆ ನಿಕೋಟಿನ್ ಗಮ್ ಜಗಿಯೋದು ಕಷ್ಟ ಅಂತ. ಮೊದಲ ಮೂರು ದಿನ ತುಂಬ ಕೆಟ್ಟದಾಗಿರುತ್ತೆ, ಎರಡರಿಂದ ನಾಲ್ಕು ವಾರದಲ್ಲಿ ಹತೋಟಿಗೆ ಬರುತ್ತೆ, ಒಂದೊಂದು ಸೆಳೆತ ಕೆಲವು ನಿಮಿಷ ಅಷ್ಟೇ, ಆ ಹೊತ್ತಲ್ಲಿ ಮೈ ದಣಿಸಿದರೆ ಸೆಳೆತ ಬೇಗ ಇಳಿಯುತ್ತೆ ಅಂದರು. ಅವರು ಹೇಳಿದ ಹಾಗೇ ಆಯಿತು. ಮೊದಲ ಮೂರು ದಿನ ತಲೆನೋವು, ಎಲ್ಲರ ಮೇಲೂ ಸಿಡುಕು, ರಾತ್ರಿ ನಿದ್ದೆ ಇಲ್ಲ. ಹೆಂಡತಿ "ರೀ, ಹೊರಗೆ ಹೋಗಿ ಓಡಾಡಿ ಬನ್ನಿ" ಅಂತ ಬಾಗಿಲು ತೆಗೆದಿಡುತ್ತಿದ್ದಳು. ರಾತ್ರಿ ಹನ್ನೊಂದಕ್ಕೆ ಕೆರೆ ಏರಿ ಮೇಲೆ ಒಬ್ಬನೇ ನಡೆಯುತ್ತಾ ಕಬಡ್ಡಿ ಕಬಡ್ಡಿ ಅಂತ ಜೋರಾಗಿ ಎಣಿಸುತ್ತಿದ್ದೆ. ಐದು, ಏಳು, ಎಂಟು. ಒಂದು ತಿಂಗಳಿಗೆ ಹದಿನೈದು.

ಯುಗಾದಿ ರಾತ್ರಿ ಬಿದ್ದೆ. ಇಸ್ಪೀಟು ಆಡೋಕೆ ಕೂತಿದ್ದೆವು, ಪಕ್ಕದವನು ಕುಲುಕಿ ಕೈಗಿಟ್ಟ, ಬಾಯಿಗೆ ಹೋದ ಮೇಲೇ ನನಗೆ ಗೊತ್ತಾಗಿದ್ದು. ಒಂದು ಹೋದ ಮೇಲೆ ಬೆಳಗಾಗೋ ತನಕ ಏಳು. ಮಾರನೇ ದಿನ ಮೈದಾನಕ್ಕೆ ಹೋಗಬಾರದು ಅಂದುಕೊಂಡಿದ್ದೆ. ಫೋನ್ ಬಂತು, ಹೋದೆ, ಎಲ್ಲರ ಮುಂದೆ ಹೇಳಿಬಿಟ್ಟೆ. ಹುಡುಗರು ಮುಖ ಮುಖ ನೋಡಿಕೊಂಡರು. ಮೇಷ್ಟ್ರು ಸುಣ್ಣದ ಬಕೆಟ್ ಕೊಟ್ಟರು. "ಈ ವಾರ ಆಡಬೇಡ. ಗೆರೆ ಹಾಕು." 13 ಮೀಟರ್ ಉದ್ದ, 10 ಮೀಟರ್ ಅಗಲ, ನಡುಗೆರೆ, ಬೋನಸ್ ಗೆರೆ, ಲಾಬಿ. ದಿನಾ ಬಗ್ಗಿ ಗೆರೆ ಹಾಕಿ ಪಕ್ಕಕ್ಕೆ ಕೂತು ನೋಡಿದೆ. ಮೂರನೇ ದಿನ ಒಬ್ಬ ಹುಡುಗ ಬಂದು ನನ್ನ ಜೊತೆ ದಾರದ ಇನ್ನೊಂದು ತುದಿ ಹಿಡಿದುಕೊಂಡ. ಆಮೇಲೆ ಗೊತ್ತಾಯಿತು, ಅವನೂ ಕದ್ದು ಹಾಕುತ್ತಿದ್ದ. ಅವನಿಗೆ ಇನ್ನೂ 16.

ಆಗಲೂ 18 ಆಗದವರಿಗೆ ತಂಬಾಕು ಮಾರುವಂತಿರಲಿಲ್ಲ, ಶಾಲೆಯಿಂದ 100 ಗಜದೊಳಗೆ ಮಾರುವಂತಿರಲಿಲ್ಲ, 2003ರ ಕಾನೂನು ಇತ್ತು. ಕರ್ನಾಟಕದಲ್ಲಿ 2025ರಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿದರು. ಆದರೆ ಹೊನಲು ಬೆಳಕಿನ ಪಂದ್ಯಾವಳಿ ಯಾವ ಊರಲ್ಲೇ ನಡೆಯಲಿ, ಮೈದಾನದ ಸುತ್ತ ಹೋಗಿ ನೋಡಿ, ಕಾಲಡಿ ಬರೀ ಪ್ಯಾಕೆಟ್. ಆಡೋ ಹುಡುಗರ ಬಾಯಲ್ಲೂ ಇರುತ್ತದೆ. ಆಟಕ್ಕೆ ಸೇರಿದರೆ ಚಟ ತಾನಾಗೇ ಬಿಡುತ್ತದೆ ಅನ್ನೋರಿಗೆ ನಾನು ಇದನ್ನೇ ಹೇಳೋದು. ಬಿಡೋದಿಲ್ಲ. ನನಗೆ ಮೇಷ್ಟ್ರು ಇದ್ದರು, ಡಾಕ್ಟರು ಇದ್ದರು, ಪಟ್ಟಿ ಇತ್ತು, ಬಿದ್ದಾಗ ಕೈಗೆ ಸುಣ್ಣದ ಬಕೆಟ್ ಕೊಡೋ ಟೀಮ್ ಇತ್ತು. ಆ 16ರ ಹುಡುಗನಿಗೆ ನಾನು ಉಪದೇಶ ಮಾಡಲಿಲ್ಲ. ಅವನ ಮೂರು ಬೆರಳು ಅವನ ಬಾಯಲ್ಲಿ ಇಡಿಸಿದೆ, ಮೂರೂ ಹೋದವು. ನನ್ನ ಬೆರಳು ನನ್ನ ಬಾಯಲ್ಲಿಟ್ಟು ತೋರಿಸಿದೆ. ಆಮೇಲೆ ತಂಬಾಕು ಪ್ಯಾಕೆಟ್ ಮೇಲೆ ಅಚ್ಚಾಗಿರೋ, ಚಟ ಬಿಡೋಕೆ ಸಹಾಯ ಮಾಡೋ ನಂಬರಿಗೆ ಅವನ ಮುಂದೆಯೇ ಫೋನ್ ಮಾಡಿದೆವು, 1800-11-2356, ದುಡ್ಡು ಕೊಡಬೇಕಾಗಿಲ್ಲ. ಅದನ್ನು ದಿನಕ್ಕೆ ಇಪ್ಪತ್ತು ಸಲ ಕೈಯಲ್ಲಿ ಹಿಡಿದು ಹರಿದು ಬಿಸಾಡುತ್ತಿದ್ದೆ ನಾನು, ಒಂದು ದಿನವೂ ಓದಿರಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆದಿಟ್ಟುಕೊಳ್ಳಿ.

2024ರ ಫೆಬ್ರವರಿಯಲ್ಲಿ ಪಕ್ಕದೂರ ಜಾತ್ರೆಗೆ ಪಂದ್ಯಾವಳಿ ಇಟ್ಟಿದ್ದರು. ನಮ್ಮದು ಎರಡನೇ ಮ್ಯಾಚಿಗೇ ಸೋತ ಟೀಮ್. ಕೊನೆಯ ಐದು ನಿಮಿಷಕ್ಕೆ ನನ್ನನ್ನು ಇಳಿಸಿದರು, ಒಂದೇ ರೈಡ್ ಸಿಕ್ಕಿತು. ಮುಟ್ಟೋಕೆ ಯಾರೂ ಸಿಗಲಿಲ್ಲ. ಅವರ ಕಾರ್ನರ್ ಹುಡುಗರು ಚುರುಕು, ನನಗೆ ವಯಸ್ಸು 36. ಖಾಲಿ ವಾಪಸ್ ಬಂದೆ. ಆದರೆ ಹೋಗಿ ಬರೋ ತನಕ ಒಂದು ಕಬಡ್ಡಿಯೂ ತುಂಡಾಗಲಿಲ್ಲ. ಲೈಟಿನ ಬೆಳಕಲ್ಲಿ ಧೂಳು ಎದ್ದಿತ್ತು, ಮೈಕಿನವನು ಏನೋ ಕೂಗುತ್ತಿದ್ದ, ಅದರ ಮೇಲೆ ನನ್ನ ದನಿ ನನಗೇ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೇಷ್ಟ್ರು ಗೆರೆ ಆಚೆ ಕೂತು ಬೆರಳು ಮಡಚಿ ಎಣಿಸುತ್ತಿದ್ದರು. ಇಪ್ಪತ್ತೇಳು.

ಇನ್ನೂ ದಾವಣಗೆರೆಗೆ ಹೋಗುತ್ತೇನೆ, ಈಗ ಮೂರು ತಿಂಗಳಿಗೊಮ್ಮೆ. ಹೋದ ಸಲ 29 ಎಂ.ಎಂ. ಬಂತು. ಎರಡು ಬೆರಳು ನೆಮ್ಮದಿಯಾಗಿ ಹೋಗುತ್ತವೆ. ಖಾರ ಇನ್ನೂ ಉರಿಯುತ್ತದೆ, ಮಿರ್ಚಿಯೊಳಗಿನ ಮೆಣಸಿನಕಾಯಿ ತೆಗೆದು ಬರೀ ಹಿಟ್ಟು ತಿನ್ನುತ್ತೇನೆ. ಮನೆಯಲ್ಲಿ ದಿನಾ ರಾತ್ರಿ ಬಾಯಿ ಹಿಗ್ಗಿಸೋ ವ್ಯಾಯಾಮ ಇದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು ತಡೆಯುವಷ್ಟು ಹೊತ್ತು ಹಿಡಿಯಬೇಕು, ಆಮೇಲೆ ನಡುವೆ ಇನ್ನೊಂದು ತೂರಿಸಬೇಕು. ಶುರುವಿಗೆ ಹನ್ನೆರಡು ಹಿಡಿಸುತ್ತಿದ್ದವು, ಈಗ ಹದಿನಾರು. ಕಡ್ಡಿ ಡಬ್ಬಿ ಮಗಳ ಹತ್ತಿರ ಇರುತ್ತದೆ, ತೂರಿಸೋ ಕೆಲಸ ಅವಳದೇ. ನಿನ್ನೆ ಹದಿನೇಳನೆಯದು ಅರ್ಧ ಹೋಯಿತು. "ನೋಯ್ತಾ ಅಪ್ಪಾ?" ಅಂದಳು. ಬಾಯಿ ತುಂಬ ಕಡ್ಡಿ ಇದ್ದದ್ದಕ್ಕೆ ತಲೆಯಾಡಿಸಿದೆ. ಅವಳು ಅದನ್ನು ಮೆಲ್ಲಗೆ ಹೊರಗೆಳೆದು, ಒರೆಸಿ, ಬೇರೆಯವುಗಳ ಜೊತೆ ಸೇರಿಸದೆ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು, ಇವತ್ತು ರಾತ್ರಿಗೆ.